ಹಾರ ತಂದವರು, ಕಲ್ಲು ತಂದವರು

ನನಗೆ ಸಂಬಳ ಬರುವುದು ಕೇಳಿಸಿಕೊಳ್ಳುವುದಕ್ಕೆ. ಯಾರೋ ಬರೀತಾರೆ, ಇನ್ಯಾರೋ ಸ್ಟುಡಿಯೋದಲ್ಲಿ ಕೂತು ಓದ್ತಾರೆ, ನಾನು ಹೆಡ್‌ಫೋನ್ ಹಾಕಿಕೊಂಡು ಎಲ್ಲಿ ಹಕಾರ ನುಂಗಿದರು, ಎಲ್ಲಿ ಉಸಿರು ಜೋರಾಗಿ ಕೇಳಿಸ್ತು, ಎಲ್ಲಿ ಒಂದು ಸಾಲು ಹಾರಿಹೋಯ್ತು ಅಂತ ಎಕ್ಸೆಲ್ ಶೀಟಿನಲ್ಲಿ ಗುರುತು ಹಾಕುತ್ತೇನೆ. ಇನ್ಶೂರೆನ್ಸ್ ಜಾಹೀರಾತು, ಮೂರನೇ ಕ್ಲಾಸಿನ ಗಣಿತ, ನಿದ್ದೆ ಬರಿಸುವ ಆ್ಯಪ್‌ನ ಕತೆಗಳು. (ಕೊನೆಯದನ್ನು ಆಫೀಸ್ ಅವರ್ಸ್‌ನಲ್ಲಿ ಎಚ್ಚರವಾಗಿದ್ದು ಕೇಳುವುದು ಎಷ್ಟು ಕಷ್ಟ ಅನ್ನೋದು ನಿಮಗೆ ಗೊತ್ತಿಲ್ಲ.) ಹೀಗಿರುವಾಗ ಬಂದ ಒಂದು ಕೆಲಸ ಬೈಬಲಿನ ಒಂದು ಪುಸ್ತಕ. ಕನ್ನಡದಲ್ಲಿ ಅದಕ್ಕೆ ಎರಡು ಹೆಸರು: ಪ್ರೊಟೆಸ್ಟೆಂಟರು ‘ಅಪೊಸ್ತಲರ ಕೃತ್ಯಗಳು’ ಅಂತಾರೆ, ಕ್ಯಾಥೊಲಿಕರು ‘ಪ್ರೇಷಿತರ ಕಾರ್ಯಕಲಾಪಗಳು’ ಅಂತಾರೆ. ಏಸು ಹೋದ ಮೇಲೆ ಅವನ ಶಿಷ್ಯರು ಊರೂರು ತಿರುಗಿ ಏನು ಹೇಳಿದರು, ಯಾರು ಕೇಳಿದರು, ಯಾರು ಹೊಡೆದರು ಅನ್ನುವ ಕತೆ. 28 ಅಧ್ಯಾಯ, 28 ಫೈಲು.

ಧರ್ಮಗ್ರಂಥ ಅಂದರೆ ಬರೀ ಉಪದೇಶ ಇರುತ್ತೆ ಅಂತ ನೀವು ಅಂದುಕೊಳ್ಳಬಹುದು. ಇದರಲ್ಲಿ ಉಪದೇಶ ಎಷ್ಟಿದೆಯೋ, ಅದನ್ನು ಕೇಳಿದವರ ರಿಯಾಕ್ಷನ್ ಕೂಡ ಅಷ್ಟೇ ಇದೆ. ಮೊದಲ ದಿನವೇ ಯೆರೂಸಲೇಮಿನಲ್ಲಿ ಮೂರು ಸಾವಿರ ಜನ ಸೇರಿಕೊಂಡರು ಅಂತ ಒಂದು ಕಡೆ, ಇವರೆಲ್ಲ ಕುಡಿದಿದ್ದಾರೆ ಅಂತ ನಕ್ಕವರು ಇನ್ನೊಂದು ಕಡೆ. ಅದಕ್ಕೆ ಪೇತ್ರ ಕೊಡುವ ಉತ್ತರ, ಇನ್ನೂ ಬೆಳಗ್ಗೆ ಒಂಬತ್ತು ಗಂಟೆ ಕಣ್ರಯ್ಯಾ ಅನ್ನುವ ಧಾಟಿಯದ್ದು. ಬೆರೋಯ ಅನ್ನುವ ಊರಿನ ಯೆಹೂದ್ಯರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ತಮ್ಮ ಶಾಸ್ತ್ರ ತೆಗೆದು ದಿನಾ ಕೂತು ಇವನು ಹೇಳಿದ್ದು ಸರಿಯಾ ಅಂತ ತಾಳೆ ನೋಡಿದರು. ಅಥೆನ್ಸಿನವರು ಸತ್ತವನು ಎದ್ದು ಬಂದ ಅನ್ನುವ ಮಾತು ಬರುವ ತನಕ ಆಸಕ್ತಿಯಿಂದ ಕೇಳಿದರು. ಅಲ್ಲಿಂದಾಚೆಗೆ ಕೆಲವರು ನಕ್ಕರು, ಕೆಲವರು ‘ಇನ್ನೊಂದು ಸಲ ಕೇಳೋಣ ಬಿಡಿ’ ಅಂದರು. ಕ್ಲೈಂಟ್ ಮೀಟಿಂಗಿನಲ್ಲಿ ಈ ಎರಡನೇ ಉತ್ತರದ ಅರ್ಥ ಏನು ಅಂತ ನಮಗೆಲ್ಲ ಗೊತ್ತು.

ಈ ಫೈಲುಗಳನ್ನು ನಾನು ಬೆಂಗಳೂರಿನಲ್ಲಿ ಕೇಳಿದ್ದರೆ 28 ಸಲ ಟಿಕ್ ಹಾಕಿ ಮರೆತುಬಿಡುತ್ತಿದ್ದೆನೇನೋ. ಕೇಳಿದ್ದು ಬಿಂಡಿಗನವಿಲೆಯಲ್ಲಿ, ಅಜ್ಜಿಯ ಮನೆಯ ಜಗಲಿಯ ಮೇಲೆ, ಸ್ಪೀಕರ್ ಹಾಕಿಕೊಂಡು.

ನಾಗಮಂಗಲ ತಾಲ್ಲೂಕಿನ ಈ ಊರಿನ ಹೆಸರು ನೀವು ಕೇಳಿದ್ದರೆ ಅದು ಚನ್ನಕೇಶವ ದೇವಸ್ಥಾನದ ಗರುಡನಿಂದ ಇರಬೇಕು. ಊರು ಬಿಟ್ಟು ಎರಡು ಮೂರು ತಲೆಮಾರು ಆದವರೂ ಹೆಸರಿನ ಮುಂದೆ ‘ಬಿಂಡಿಗನವಿಲೆ’ ಅಂತ ಉದ್ದಕ್ಕೆ ಬರೆದುಕೊಂಡು, ಪಾಸ್‌ಪೋರ್ಟ್ ಫಾರ್ಮಿನ ಡಬ್ಬಿಗಳಲ್ಲಿ ಅಕ್ಷರ ಹಿಡಿಯದೆ ಒದ್ದಾಡುತ್ತಾರೆ. ನಮ್ಮ ಅಜ್ಜಿಗೆ 84. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಶನ್ ಆಗಿ, ‘ಸಾಯೋದಾದ್ರೆ ಗರುಡನ ಊರಲ್ಲೇ’ ಅಂತ ಹಟ ಮಾಡಿ ವಾಪಸ್ ಬಂದಿದ್ದರು. ಮನೆಯವರು ಸರದಿ ಹಾಕಿಕೊಂಡೆವು. ನನ್ನ ಪಾಲಿಗೆ ಬಂದದ್ದು ಒಂದು ತಿಂಗಳು, ವರ್ಕ್ ಫ್ರಮ್ ಅಜ್ಜಿಮನೆ. ಹೆಡ್‌ಫೋನ್ ಹಾಕಿದರೆ ಅಜ್ಜಿ ಕೂಗಿದ್ದು ಕೇಳಿಸಲ್ಲ, ಹಾಗಾಗಿ ಸ್ಪೀಕರ್.

ಇನ್ನೊಬ್ಬರು ಇದ್ದರು. ಅಜ್ಜಿಯನ್ನು ನೋಡಿಕೊಳ್ಳಲು ಬೆಳಗ್ಗೆ ಏಳಕ್ಕೆ ಬಂದು ಸಂಜೆ ಆರಕ್ಕೆ ಹೋಗುವವರು. ಐವತ್ತರ ಆಸುಪಾಸು, ಆಚೆ ದಲಿತರ ಕೇರಿಯವರು. ನಾನು ‘ಅಕ್ಕ’ ಅಂತಿದ್ದೆ, ಅಜ್ಜಿ ‘ಇವಳೇ’ ಅಂತಿದ್ದರು. ಅಜ್ಜಿಯನ್ನು ಎತ್ತಿ ಕೂರಿಸುವುದು, ಎಣ್ಣೆ ಹಚ್ಚುವುದು, ಸ್ನಾನ, ಬೆಡ್‌ಪ್ಯಾನ್ ಎಲ್ಲ ಅವರದ್ದೇ. ನನ್ನ ಕೈಯಲ್ಲಿ ಆಗುತ್ತಿರಲಿಲ್ಲ, ಅಷ್ಟು ತ್ರಾಣವೂ ಇಲ್ಲ, ಅಷ್ಟು ಕೌಶಲವೂ ಇಲ್ಲ. ಆದರೆ ಅಡುಗೆಮನೆಯ ಹೊಸಿಲು ಅವರು ದಾಟುವ ಹಾಗಿಲ್ಲ. ಕುಡಿಯುವ ನೀರನ್ನೂ ನಾನೇ ತಂದುಕೊಡಬೇಕು. ಮಧ್ಯಾಹ್ನ ಅವರು ತಮ್ಮ ಡಬ್ಬಿ ತೆಗೆದು ಹಿತ್ತಲ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದರು. ಮೈ ಮುಟ್ಟಬಹುದು, ಅನ್ನ ಮುಟ್ಟಬಾರದು. ಈ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಇಬ್ಬರೂ ಎಷ್ಟು ಸಲೀಸಾಗಿ ಪಾಲಿಸುತ್ತಿದ್ದರು ಅಂದರೆ, ಬಗ್ಗದ ಸೊಂಟಕ್ಕಿಂತ ಇದೇ ಹೆಚ್ಚು ಗಟ್ಟಿ ಅನ್ನಿಸುತ್ತಿತ್ತು.

ಮೊದಲ ಎರಡು ದಿನ ಅಜ್ಜಿ ಆಡಿಯೋವನ್ನು ರೇಡಿಯೋ ಅಂದುಕೊಂಡು ಸುಮ್ಮನಿದ್ದರು. ಮೂರನೇ ದಿನ ಪ್ರಶ್ನೆ ಶುರು.

‘ಅದೇನೇ ಅದು, ಪದೇ ಪದೇ ಅನ್ಯಜನ ಅನ್ಯಜನ ಅಂತಾನಲ್ಲ, ಯಾರು ಅವರು?’

‘ಯೆಹೂದ್ಯರು ಅಂತ ಒಂದು ಜನಾಂಗ ಅಜ್ಜಿ. ಅವರನ್ನು ಬಿಟ್ಟು ಉಳಿದವರೆಲ್ಲ ಅನ್ಯಜನ.’

‘ಉಳಿದವರೆಲ್ಲ ಅಂದ್ರೆ?’

‘ಅಂದ್ರೆ ನಾವೂ.’

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜಗಲಿ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಮಾತ್ರ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಒಂದು ಕತೆಯಲ್ಲಿ ಅಜ್ಜಿ ಹೊರಗಿನವರ ಸಾಲಿನಲ್ಲಿ ಕೂತದ್ದು ಬಹುಶಃ ಅದೇ ಮೊದಲು. ಅದಾದ ಮೇಲೆ ಇಬ್ಬರೂ ಸರಿಯಾಗಿ ಕಿವಿಗೊಟ್ಟು ಕೇಳತೊಡಗಿದರು.

ಹತ್ತನೇ ಫೈಲಿನಲ್ಲಿ ಪೇತ್ರನಿಗೆ ಒಂದು ದರ್ಶನ ಆಗುತ್ತದೆ. ಆಕಾಶದಿಂದ ದೊಡ್ಡ ಬಟ್ಟೆಯ ಹಾಗೆ ಏನೋ ಇಳಿದುಬರುತ್ತೆ, ಅದರ ತುಂಬ ಯೆಹೂದ್ಯರು ತಿನ್ನಬಾರದ ಪ್ರಾಣಿಗಳು, ಕೊಯ್ದು ತಿನ್ನು ಅಂತ ದನಿ. ಪೇತ್ರ ಒಪ್ಪುವುದಿಲ್ಲ, ಮಡಿಯಿಲ್ಲದ್ದನ್ನು ಹುಟ್ಟಿದಾಗಿಂದ ಬಾಯಿಗಿಟ್ಟವನಲ್ಲ ಅವನು. ಅಷ್ಟರಲ್ಲಿ ಕೈಸರೈಯದಿಂದ ಆಳುಗಳು ಬರುತ್ತಾರೆ. ಕೊರ್ನೇಲಿ ಅಂತ ಒಬ್ಬ ರೋಮನ್ ಸೇನಾಧಿಕಾರಿ, ಅನ್ಯಜನ, ಆದರೆ ದೈವಭಕ್ತ, ಇವನ ಮಾತು ಕೇಳಬೇಕು ಅಂತ ಕಾದಿದ್ದಾನೆ. ಪೇತ್ರ ಹೋಗುತ್ತಾನೆ, ಮಾತಾಡುತ್ತಾನೆ, ಮನೆಮಂದಿಯೆಲ್ಲ ಒಪ್ಪಿಕೊಳ್ಳುತ್ತಾರೆ. ಫೈಲು ಮುಗಿಯಿತು. ನಾನು ಶೀಟಿನಲ್ಲಿ ಒಂದು ‘ಷ’ಕಾರ ಗುರುತು ಹಾಕುತ್ತಿದ್ದೆ.

‘ಅಲ್ಲ ಕಣವ್ವ,’ ಅಂದರು ಅಕ್ಕ, ‘ಬಟ್ಟೆ ಇಳೀತು, ದೇವ್ರು ಮಾತಾಡ್ತು, ಎಲ್ಲಾ ಸರಿ. ಕೊನ್ಗೆ ಅವ್ರ ಮನೇಲಿ ಉಂಡ್ನಾ ಇಲ್ವಾ?’

ಆ ಅಧ್ಯಾಯದಲ್ಲಿ ಅದಕ್ಕೆ ನೇರ ಉತ್ತರವಿಲ್ಲ. ಕೆಲವು ದಿನ ಇಲ್ಲೇ ಇರಿ ಅಂತ ಕೇಳಿಕೊಂಡರು ಅನ್ನುವಲ್ಲಿಗೆ ನಿಲ್ಲುತ್ತದೆ. ಉತ್ತರ ಇರುವುದು ಹನ್ನೊಂದನೆಯದರಲ್ಲಿ, ಅದೂ ದೂರಿನ ರೂಪದಲ್ಲಿ. ಪೇತ್ರ ಯೆರೂಸಲೇಮಿಗೆ ವಾಪಸ್ ಬಂದಾಗ ಅವನದ್ದೇ ಗುಂಪಿನವರು, ಏಸುವನ್ನು ಒಪ್ಪಿಕೊಂಡ ಯೆಹೂದ್ಯರೇ, ತಗಾದೆ ತೆಗೆಯುತ್ತಾರೆ. ಅನ್ಯಜನರಿಗೆ ಯಾಕೆ ಬೋಧಿಸಿದೆ ಅನ್ನುವುದು ಅವರ ಆಕ್ಷೇಪಣೆ ಅಲ್ಲ. ಅವರ ಮನೆಗೆ ಹೋಗಿ ಅವರ ಜೊತೆ ಕೂತು ಊಟ ಮಾಡಿದೆಯಂತಲ್ಲ, ಅದು. ಎರಡು ಸಾವಿರ ವರ್ಷದ ಹಿಂದಿನ ಗುಂಪಿಗೂ ಬಿಂಡಿಗನವಿಲೆಯ ಅಕ್ಕನಿಗೂ ಹೊಳೆದದ್ದು ಒಂದೇ ಪ್ರಶ್ನೆ. ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಾದ ಪ್ರಮೇಯವೇ ನನ್ನ ಬದುಕಿನಲ್ಲಿ ಬಂದಿರಲಿಲ್ಲ, ಯಾರ ಮನೆಯಲ್ಲೂ ನನಗೆ ತಟ್ಟೆ ಬೇರೆ ಇಟ್ಟವರಿಲ್ಲ.

ಹದಿಮೂರನೇ ಫೈಲು ನನಗೆ ತುಂಬ ಮುಖ್ಯ ಅನ್ನಿಸಿದ್ದು. ಪಿಸಿದ್ಯದ ಅಂತಿಯೋಕ್ಯ, ಈಗಿನ ಟರ್ಕಿಯ ಒಳನಾಡು. ಪೌಲ ಸಬ್ಬತ್ ದಿನ ಯೆಹೂದ್ಯರ ಸಭಾಮಂದಿರಕ್ಕೆ ಹೋಗಿ ಮಾತಾಡುತ್ತಾನೆ. ಚೆನ್ನಾಗಿ ಹೋಗುತ್ತೆ. ಮುಂದಿನ ವಾರವೂ ಬಂದು ಇದನ್ನೇ ಹೇಳಿ ಅಂತ ಜನ ಕೇಳಿಕೊಳ್ಳುತ್ತಾರೆ. ಮುಂದಿನ ವಾರ ಬರುವುದು ಹೆಚ್ಚೂಕಮ್ಮಿ ಇಡೀ ಊರು. ಆ ಗುಂಪನ್ನು ನೋಡಿದ ಮೇಲೆ ಸಭಾಮಂದಿರದ ಪ್ರಮುಖರಿಗೆ ಹೊಟ್ಟೆಗೆ ಬೆಂಕಿ ಬಿದ್ದು, ಪೌಲನ ಮಾತಿಗೆ ಎದುರು ಮಾತು ಶುರುವಾಗುತ್ತದೆ. ಗಮನಿಸಿ, ಒಂದು ವಾರದಲ್ಲಿ ಬೋಧನೆ ಬದಲಾಗಿರಲಿಲ್ಲ, ಬದಲಾದದ್ದು ಪಕ್ಕದಲ್ಲಿ ಯಾರು ಬಂದು ಕೂತರು ಅನ್ನುವುದು.

ಆ ಊರುಗಳ ಸಭಾಮಂದಿರಗಳಲ್ಲಿ ಮೊದಲಿನಿಂದಲೂ ಒಂದು ಜಗಲಿಯ ಗುಂಪು ಇರುತ್ತಿತ್ತು. ಹುಟ್ಟಿನಿಂದ ಯೆಹೂದ್ಯರಲ್ಲ, ಆದರೆ ಆ ಒಬ್ಬನೇ ದೇವರು, ಆ ನೀತಿ ಎಲ್ಲ ಹಿಡಿಸಿ ಬಂದು ಕೂತು ಕೇಳುವ ಗ್ರೀಕರು. ಪೂರ್ತಿ ಒಳಗೆ ಬರಬೇಕಾದರೆ ಗಂಡಸರು ಸುನ್ನತಿ ಮಾಡಿಸಿಕೊಳ್ಳಬೇಕು, ಊಟ ಉಡುಪು ಹಬ್ಬ ಎಲ್ಲ ಬದಲಾಗಬೇಕು. ಅಷ್ಟು ಬೆಲೆ ಕೊಡಲಾರದೆ ಹೊಸಿಲಾಚೆ ನಿಂತವರು. ಪೌಲ ಬಂದು, ಇವರಿಗೆ ಆ ಬೆಲೆ ಇಲ್ಲ, ಹಾಗೇ ಬನ್ನಿ ಅಂದ. ಅವರಿಗೆ ಖುಷಿಯಾಗದೆ ಇನ್ನೇನು? ಒಳಗಿದ್ದವರ ಕಡೆಯಿಂದಲೂ ನೋಡಿ. ತಲೆಮಾರುಗಳಿಂದ ಆ ಬೆಲೆ ಕೊಟ್ಟವರು ಅವರು. ಒಂದರ ಮೇಲೊಂದು ಸಾಮ್ರಾಜ್ಯ ತಲೆಯ ಮೇಲೆ ಕೂತರೂ ಅವರು ಒಂದು ಜನಾಂಗವಾಗಿ ಉಳಿದುಕೊಂಡದ್ದೇ ಆ ಕಟ್ಟುಪಾಡಿನಿಂದ. ಅದು ಬೇಕಾಗಿಯೇ ಇಲ್ಲ ಅಂತ ಯಾವನೋ ಬಂದು ಹೇಳಿದರೆ ಸಿಟ್ಟು ಬರುವುದಕ್ಕೆ ದುಷ್ಟರೇ ಆಗಿರಬೇಕು ಅಂತೇನಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಕತೆ ಬರೆದವನು ಲೂಕ, ಅವನು ಪೌಲನ ಪಕ್ಷದವನು. ಅವನ ವರದಿಯಲ್ಲಿ ‘ಯೆಹೂದ್ಯರು’ ಅಂತ ಸಾರಾಸಗಟಾಗಿ ಬಂದಾಗಲೆಲ್ಲ ನೆನಪಿಡಬೇಕಾದ್ದು: ಪೌಲನೂ ಯೆಹೂದ್ಯ, ಪೇತ್ರನೂ ಯೆಹೂದ್ಯ, ಆ ಮೊದಲ ಮೂರು ಸಾವಿರವೂ ಯೆಹೂದ್ಯರೇ. ಇದು ಒಂದೇ ಮನೆಯೊಳಗಿನ ಜಗಳ. ಆಮೇಲಿನ ಶತಮಾನಗಳಲ್ಲಿ ಯುರೋಪಿನವರು ಇದನ್ನು ಮನೆಯಾಚೆಯಿಂದ ಓದಿ, ಕೇಳದೆ ಹೋದ ಹಟಮಾರಿಗಳು ಅಂತ ಯೆಹೂದ್ಯರ ಮೇಲೆ ಮಾಡಿದ್ದು ಎಲ್ಲರಿಗೂ ಗೊತ್ತು. ಕೇಳುಗರ ಬಗ್ಗೆ ಹೇಳುಗನೇ ಬರೆದ ರಿಪೋರ್ಟನ್ನು ಸ್ವಲ್ಪ ಉಪ್ಪು ಹಾಕಿಕೊಂಡೇ ಓದಬೇಕು.

ಅಜ್ಜಿಗೆ ಹಿಡಿಸಿದ್ದು ಹದಿನಾಲ್ಕನೇ ಫೈಲು. ಲುಸ್ತ್ರ ಅನ್ನುವ ಊರು, ಅಲ್ಲಿ ಸಭಾಮಂದಿರದ ಸುದ್ದಿಯೇ ಇಲ್ಲ, ಜನ ಎಲ್ಲ ತಮ್ಮ ತಮ್ಮ ದೇವರುಗಳ ಭಕ್ತರು. ಪೌಲ ಒಬ್ಬ ಕುಂಟನನ್ನು ಎದ್ದು ನಿಲ್ಲುವಂತೆ ಮಾಡುತ್ತಾನೆ. ಜನ ತಮ್ಮ ಭಾಷೆಯಲ್ಲಿ ಕೂಗಾಡುತ್ತಾರೆ, ಬಂದವರಿಗೆ ಅದು ಅರ್ಥವಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಜ್ಯೂಸ್ ದೇವರ ಪೂಜಾರಿ ಹೂವಿನ ಹಾರ, ಹೋರಿಗಳನ್ನು ಹಿಡಿದುಕೊಂಡು ಊರಬಾಗಿಲಿಗೆ ಬಂದಾಗಿದೆ. ಬಾರ್ನಬನೇ ಜ್ಯೂಸ್, ಮಾತುಗಾರ ಪೌಲನೇ ಹರ್ಮಿಸ್, ದೇವರುಗಳೇ ನಡೆದುಬಂದಿದ್ದಾರೆ ಅಂತ. ಇವರು ಬಟ್ಟೆ ಹರಿದುಕೊಂಡು ಬೇಡ ಬೇಡ ಅಂತ ತಡೆಯುತ್ತಾರೆ.

‘ಯಾಕೆ ಬೇಡ?’ ಅಂದರು ಅಜ್ಜಿ. ‘ಪಾಪ, ಅವರಿಗೆ ಗೊತ್ತಿರೋ ಮರ್ಯಾದೆ ಅವರು ಮಾಡಿದರು. ಹಾರ ಹಾಕಿಸ್ಕೊಂಡು ಆಮೇಲೆ ನಿಧಾನಕ್ಕೆ ಹೇಳಬಹುದಿತ್ತು.’

ಅನ್ಯಜನರ ರಿಯಾಕ್ಷನ್ನಿನಲ್ಲಿ ನಮ್ಮದಕ್ಕೆ ತೀರಾ ಹತ್ತಿರದ್ದು ಇದೇ. ಏಸುವಿನ ಫೋಟೋವನ್ನು ಗಣಪತಿ, ಸಾಯಿಬಾಬಾ ನಡುವೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡ ಆಟೋಗಳನ್ನು ನೀವೂ ನೋಡಿದ್ದೀರಿ. ಇನ್ನೊಬ್ಬ ದೇವರು ಬಂದರೆ ನಮಗೆ ತಕರಾರಿಲ್ಲ, ಜಾಗ ಮಾಡಿಕೊಡ್ತೀವಿ. ಉಳಿದವರನ್ನು ಇಳಿಸು ಅಂದರೆ ಮಾತ್ರ ಕಷ್ಟ. ಲುಸ್ತ್ರದಲ್ಲೂ ಕತೆ ಬೇಗ ತಿರುಗಿತು. ಬೇರೆ ಊರಿನ ವಿರೋಧಿಗಳು ಬಂದು ಕಿವಿ ಊದಿದ ಮೇಲೆ ಪೌಲನಿಗೆ ಕಲ್ಲು ಹೊಡೆದು, ಸತ್ತ ಅಂದುಕೊಂಡು ಊರಾಚೆ ಎಳೆದುಹಾಕಿದರು. ಹಾರ ಬೇಡ ಅಂದವನ ಮೇಲೆ ಕಲ್ಲು ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ಎದ್ದು ಅದೇ ಊರಿನೊಳಕ್ಕೆ ವಾಪಸ್ ಹೋದದ್ದು ನನಗೆ ಇವತ್ತಿಗೂ ಆಶ್ಚರ್ಯ. ಅಕ್ಕನಿಗೆ ಆಶ್ಚರ್ಯ ಆಗಲಿಲ್ಲ. ‘ಇನ್ನೆಲ್ಲಿಗ್ ಹೋಗ್ತಾನೆ’ ಅಂದರು.

ಇದೇ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಎದುರಿಸಿದವನೊಬ್ಬನ ಕತೆ ನನಗೆ ಗೊತ್ತಿತ್ತು. ಬಿಂಡಿಗನವಿಲೆಯಿಂದ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಶ್ರೀರಂಗಪಟ್ಟಣ. ಅಲ್ಲಿ ಗಂಜಾಂನಲ್ಲಿ ಅಬ್ಬೆ ದುಬ್ವಾ ಹೆಸರಿನಲ್ಲೇ ಜನ ಗುರುತಿಸುವ ಚರ್ಚೊಂದಿದೆ. (ನಮ್ಮವರು ಡುಬಾಯ್ ಅಂತಲೇ ಓದುವುದು.) ಫ್ರಾನ್ಸಿನ ಪಾದ್ರಿ, ಇಂಡಿಯಾಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಟಿಪ್ಪು ಸತ್ತ ಮೇಲೆ, ಅಲ್ಲಿ ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದ. ಮಂಗಳೂರಿನ ಕಡೆಯಿಂದ 1784ರಲ್ಲಿ ಸೆರೆಹಿಡಿದು ತಂದವರಲ್ಲಿ ಉಳಿದವರೂ ಅಲ್ಲಿದ್ದರು. ದುಬ್ವಾ ಇಲ್ಲಿಯವರ ಹಾಗೇ ಬಟ್ಟೆ ಹಾಕಿದ, ಇಲ್ಲಿಯವರ ಊಟ ಉಂಡ, ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿ ಊರೂರು ತಿರುಗಿದ. ಅವನ ಸೂಜಿಗೆ ತೋಳು ಕೊಟ್ಟ ಜನ ಸಾವಿರಾರು. ಅವನ ಬೋಧನೆ ಒಪ್ಪಿದವರು? 1823ರಲ್ಲಿ ಇಂಡಿಯಾ ಬಿಟ್ಟುಹೋದ ಅವನು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ತಾನೇ ಲೆಕ್ಕ ಕೊಟ್ಟಿದ್ದಾನೆ: ಅಷ್ಟೂ ವರ್ಷಗಳಲ್ಲಿ ಇನ್ನೂರರಿಂದ ಮುನ್ನೂರು ಜನ. ಅದರಲ್ಲಿ ಮೂರನೇ ಎರಡು ಪಾಲು ಅಸ್ಪೃಶ್ಯರು ಇಲ್ಲವೇ ಭಿಕ್ಷುಕರು. ಉಳಿದವರೂ ದಿಕ್ಕಿಲ್ಲದೆ, ಮದುವೆಗೋ ಇನ್ಯಾವುದೋ ಅನುಕೂಲಕ್ಕೋ ಬಂದವರು ಅಂತ ಬೇಸರದಿಂದ ಬರೆಯುತ್ತಾನೆ. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಅನ್ನುವುದೇ ಅವನ ವಾದ. ಇಂಗ್ಲೆಂಡಿನ ಮಿಶನರಿಗಳು ಇದಕ್ಕೆ ಅವನ ಮೇಲೆ ಹರಿಹಾಯ್ದರು.

ಲೆಕ್ಕದಲ್ಲಿ ಅವನ ಪ್ರಾಮಾಣಿಕತೆ ನನಗಿಷ್ಟ. ಬೇಸರ ಮಾತ್ರ ಇಷ್ಟವಿಲ್ಲ. ಮೂರನೇ ಎರಡು ಪಾಲು ಯಾರು ಅಂತ ಅವನು ಬರೆದದ್ದನ್ನೇ ಇನ್ನೊಂದು ಕಡೆಯಿಂದ ಓದಿ: ಹೊಸಿಲಾಚೆ ಇದ್ದವರು ಕೇಳಿಸಿಕೊಂಡರು. ಅವರಿಗೆ ಬೇಕಾಗಿದ್ದದ್ದು ಮದುವೆ ಸಂಬಂಧ, ನಾಲ್ಕು ಜನ ಅಂದರೆ, ಅದೇನು ಸಣ್ಣ ಆಸೆಯೇ?

ಅದೇ ಪತ್ರಗಳಲ್ಲಿ ಇನ್ನೊಂದು ಪ್ರಸಂಗವಿದೆ. ದುಬ್ವಾ ಒಂದು ದಿನ ತನ್ನ ಚರ್ಚಿನಲ್ಲಿ ಮನೆಬಿಟ್ಟು ಹೋದ ಮಗನ ಕತೆ ಹೇಳುತ್ತಾನೆ. ಏಸು ಹೇಳಿದ ಕತೆ, ನಿಮಗೂ ಗೊತ್ತಿರುತ್ತೆ: ಆಸ್ತಿಯೆಲ್ಲ ಉಡಾಯಿಸಿ ಮಗ ವಾಪಸ್ ಬಂದಾಗ ಅಪ್ಪ ಸಂತೋಷಕ್ಕೆ ಕೊಬ್ಬಿದ ಕರುವನ್ನು ಕೊಯ್ಸಿ ಔತಣ ಮಾಡುತ್ತಾನೆ. ಕರು ಅಂದ ಕೂಡಲೇ ಕೂತವರ ಮುಖ ಬಾಡಿತು. ಅವರು ಹೊಸಬರೂ ಅಲ್ಲ, ಕ್ರೈಸ್ತರೇ. ಪೂಜೆ ಮುಗಿದ ಮೇಲೆ ಬಂದು ಹೇಳಿದರಂತೆ: ಹೊರಗಿನವರು ಯಾರಾದರೂ ಇದನ್ನು ಕೇಳಿದ್ದರೆ ನಾವೆಲ್ಲ ಕೀಳುಜಾತಿಯವರೇ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದರು, ಇನ್ನೊಂದು ಸಲ ಈ ಕತೆ ಹೇಳುವುದಾದರೆ ಕರುವಿನ ಬದಲು ಕುರಿಮರಿ ಅನ್ನಿ. ಅಪ್ಪನ ಕ್ಷಮೆ ಅವರಿಗೆ ಅರ್ಥವಾಗಿತ್ತು, ಅದರಲ್ಲಿ ತಕರಾರಿಲ್ಲ. ತಕರಾರು ಊಟದ ಮೆನು ಬಗ್ಗೆ, ಅಂದರೆ ಅದನ್ನು ಕೇಳಿದ ಪಕ್ಕದ ಮನೆಯವರು ತಮ್ಮನ್ನು ಯಾವ ಸಾಲಿನಲ್ಲಿ ಕೂರಿಸುತ್ತಾರೆ ಅನ್ನುವುದರ ಬಗ್ಗೆ.

ಹದಿನೈದನೇ ಅಧ್ಯಾಯವೂ ಅದೇ. ಸುಮಾರು ಕ್ರಿ.ಶ. 50ರ ಹೊತ್ತಿಗೆ ಯೆರೂಸಲೇಮಿನಲ್ಲಿ ದೊಡ್ಡ ಮೀಟಿಂಗು: ಒಳಗೆ ಬರುವ ಅನ್ಯಜನರಿಗೆ ಎಷ್ಟು ನಿಯಮ ಹಾಕಬೇಕು? ಜೋರು ಚರ್ಚೆಯಾಗಿ ಕೊನೆಗೆ ಒಂದು ಕಾಂಪ್ರಮೈಸ್. ಸುನ್ನತಿ ಬೇಡ. ಆದರೆ ವಿಗ್ರಹಕ್ಕೆ ಇಟ್ಟದ್ದು, ರಕ್ತ, ಕತ್ತು ಹಿಸುಕಿ ಕೊಂದದ್ದು ತಿನ್ನಬೇಡಿ, ಹಾದರ ಬಿಡಿ. ನಾಲ್ಕರಲ್ಲಿ ಮೂರು ಅಡುಗೆಮನೆಗೆ ಸಂಬಂಧಿಸಿದ್ದು! ಕಾಗದದಲ್ಲಿ ಬಗೆಹರಿದದ್ದು ತಟ್ಟೆಯಲ್ಲಿ ಬಗೆಹರಿಯಲಿಲ್ಲ ಅನ್ನುವುದು ಪೌಲನದೇ ಒಂದು ಪತ್ರದಲ್ಲಿ ಇದೆ. ಅಂತಿಯೋಕ್ಯ ಅನ್ನುವ ಹೆಸರಿನದೇ ಇನ್ನೊಂದು ಊರು, ಸಿರಿಯದಲ್ಲಿ. ಅಲ್ಲಿ ಅನ್ಯಜನರ ಜೊತೆ ಆರಾಮಾಗಿ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದದ್ದೇ ತಡ, ಮೆಲ್ಲಗೆ ಬೇರೆ ಪಂಕ್ತಿಗೆ ಸರಿದುಬಿಟ್ಟ. ಹೆಡ್ ಆಫೀಸಿನಿಂದ ಆಡಿಟ್ ಬಂದ ಹಾಗೆ. ಪೌಲ ಎಲ್ಲರ ಎದುರಿಗೇ ಅವನ ಮುಖಕ್ಕೆ ಹೇಳಿದ.

ಆ ವಾರ ನಮ್ಮ ಮನೆಯಲ್ಲೂ ಒಂದು ಮೀಟಿಂಗು ಆಯಿತು. ನನ್ನ ಸರದಿ ಮುಗಿಯುತ್ತ ಬಂದಿತ್ತು, ಮುಂದಿನವರು ಬರಲು ಹತ್ತು ದಿನದ ಗ್ಯಾಪು. ಮಧ್ಯಾಹ್ನದ ಕಾಫಿ, ಒಂದು ಅನ್ನ ಸಾರು ಯಾರು ಮಾಡುವುದು? ನಾನು ಫೋನಿನಲ್ಲಿ ಅಮ್ಮನಿಗೂ ಮಾವನಿಗೂ ಅಜ್ಜಿಯ ಎದುರಿಗೇ ಹೇಳಿದೆ, ಅಕ್ಕ ಮಾಡಬಹುದು, ಅವರು ನನಗಿಂತ ಚೆನ್ನಾಗಿ ಮಾಡ್ತಾರೆ ಅಂತ. ಅಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ತೀರ್ಪು ಬಂತು: ಇಂಡಕ್ಷನ್ ಸ್ಟವ್ ತಂದು ನಡುಮನೆಯಲ್ಲಿ ಇಡುವುದು. ಅಡುಗೆಮನೆ ಅಡುಗೆಮನೆಯಾಗಿಯೇ ಇರುತ್ತದೆ, ಪೆರುಮಾಳ್ ಅಲ್ಲೇ ಇರುತ್ತಾರೆ, ಅನ್ನ ಮಾತ್ರ ನಡುಮನೆಯಲ್ಲಿ ಬೇಯುತ್ತದೆ. ಅಕ್ಕ ಮಾಡಿದ್ದನ್ನು ಅಜ್ಜಿ ಉಣ್ಣುತ್ತಾರೆ. ನಗಬೇಕೋ ಸಿಟ್ಟು ಮಾಡಬೇಕೋ ನನಗೆ ತಿಳಿಯಲಿಲ್ಲ. 84 ವರ್ಷಕ್ಕೆ ಅದು ಎಷ್ಟು ದೂರದ ಪ್ರಯಾಣ ಅಂತ ಒಂದು ಕಡೆ, ಎರಡು ಹೊಸಿಲ ನಡುವೆ ಒಂದು ಸ್ಟವ್ ಇಟ್ಟು ಮುಗಿಸಿದರಲ್ಲ ಅಂತ ಇನ್ನೊಂದು ಕಡೆ.

ಅಕ್ಕನ ರಿಯಾಕ್ಷನ್ ನಾನು ಅಂದುಕೊಂಡ ಹಾಗೆ ಇರಲಿಲ್ಲ. ‘ಅಡ್ಗೆಮನೆ ಬೇಕು ಅಂತ ನಾನೇನು ಕೇಳಿದ್ನಾ? ಅಡ್ಗೆ ಮಾಡೋದಾದ್ರೆ ತಿಂಗ್ಳಿಗೆ ಎರಡು ಸಾವ್ರ ಜಾಸ್ತಿ ಆಯ್ತದೆ ಕಣವ್ವ.’ ಮಾವ ಒಂದೂವರೆಗೆ ಚೌಕಾಸಿ ಮಾಡಿದರು. ಅಕ್ಕ ಒಪ್ಪಲಿಲ್ಲ. ಎರಡಕ್ಕೇ ನಿಂತಿತು.

ಇಪ್ಪತ್ತೆರಡನೇ ಫೈಲು ಬಂದದ್ದು ಸ್ಟವ್ ಬಂದ ಮೇಲೆ. ಪೌಲ ಯೆರೂಸಲೇಮಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅವನ ಮೇಲಿನ ಆರೋಪ, ಅನ್ಯಜನರನ್ನು ದೇವಾಲಯದ ಒಳಾಂಗಣಕ್ಕೆ ಕರೆತಂದ ಅಂತ. ಆ ದೇವಾಲಯದಲ್ಲಿ ಹೊರಗಿನವರು ಈ ಗೋಡೆ ದಾಟಿದರೆ ಅವರ ಸಾವಿಗೆ ಅವರೇ ಹೊಣೆ ಅಂತ ಗ್ರೀಕಿನಲ್ಲಿ ಕಲ್ಲಿನ ಬೋರ್ಡು ಇತ್ತು. ಅಂಥದ್ದೊಂದು ಕಲ್ಲು 1871ರಲ್ಲಿ ಸಿಕ್ಕಿ ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ. ಪೌಲ ಮೆಟ್ಟಿಲ ಮೇಲೆ ನಿಂತು ಗುಂಪಿಗೆ ಅವರದೇ ಭಾಷೆಯಲ್ಲಿ ಮಾತಾಡುತ್ತಾನೆ. ಮೌನವಾಗಿ ಕೇಳುತ್ತಾರೆ. ತನ್ನ ಜೀವನ, ದಾರಿಯಲ್ಲಿ ಕಂಡ ಬೆಳಕು, ಎಲ್ಲ ಕೇಳುತ್ತಾರೆ. ದೇವರು ನನ್ನನ್ನು ಅನ್ಯಜನರ ಬಳಿಗೆ ಕಳಿಸಿದ ಅಂದ ಕೂಡಲೇ ಧೂಳೆರಚಿ, ಬಟ್ಟೆ ಬೀಸಾಡಿ, ಇವನು ಬದುಕಿರಬಾರದು ಅಂತ ಕೂಗು.

ಅಜ್ಜಿ ಎದ್ದು ಕೂರಲು ಕೈ ಚಾಚಿದರು. ಅಕ್ಕ ಬೆನ್ನಿಗೆ ದಿಂಬು ಕೊಟ್ಟರು.

‘ನಮ್ಮ ಉಡೆಯವರೂ ಹೀಗೇ ತಾನೆ,’ ಅಂದರು. ಉಡೆಯವರು ಅಂದರೆ ರಾಮಾನುಜರು. ತಿರುಕೋಷ್ಟಿಯೂರಿನ ಗುರುಗಳು ಯಾರಿಗೂ ಹೇಳಬೇಡ ಅಂತ ಕೊಟ್ಟ ಮಂತ್ರವನ್ನು ಗೋಪುರ ಹತ್ತಿ ಊರಿಗೆಲ್ಲ ಕೇಳುವಂತೆ ಕೂಗಿದರು ಅನ್ನುವ ಕತೆ ಅಯ್ಯಂಗಾರ್ ಮನೆಗಳಲ್ಲಿ ಮಕ್ಕಳಿಗೆ ಅನ್ನದ ಜೊತೆ ಕಲಸಿ ತಿನ್ನಿಸುವಂಥದ್ದು. ಹಾಗೆ ಹೇಳಿದ್ದಕ್ಕೆ ಗುರುಗಳಿಗೆ ಸಿಟ್ಟು ಬಂತು. ತಾನೊಬ್ಬ ನರಕಕ್ಕೆ ಹೋದರೂ ಉಳಿದವರಿಗೆ ಮೋಕ್ಷ ಸಿಗಲಿ ಅಂದರಂತೆ ರಾಮಾನುಜರು.

‘ಮೇಲುಕೋಟೆಗೆ ಬಂದು ತಿರುಕುಲದವರನ್ನ ದೇವಸ್ಥಾನದೊಳಕ್ಕೆ ಬಿಟ್ಟರಲ್ಲ, ಅವಾಗಲೂ ಹೀಗೇ ಕೂಗಿರಬೇಕು ಜನ,’ ಅಂದರು ಅಜ್ಜಿ.

‘ಎಷ್ಟು ದಿನ ಬಿಟ್ರು?’ ಅಕ್ಕ ಕೇಳಿದರು. ಅವರಿಗೆ ಉತ್ತರ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ವರ್ಷಕ್ಕೆ ಮೂರು ದಿನ. ಬಹಳ ಕಾಲ ಅಷ್ಟೇ ಇತ್ತು. ತಿರುಕುಲ ಅಂತ ಒಳ್ಳೆಯ ಹೆಸರು, ಮೂರು ದಿನದ ಬಾಗಿಲು, ಉಳಿದ ದಿನ ಊರಾಚೆ. ಅಜ್ಜಿ ಉತ್ತರ ಹೇಳಲಿಲ್ಲ. ‘ಕಾಫಿ ಇಡು’ ಅಂದರು. ಅವತ್ತು ಮೊದಲ ಸಲ ‘ನಿನಗೂ ಇಟ್ಟುಕೋ’ ಅಂತಲೂ ಸೇರಿಸಿದರು. ಅಕ್ಕ ಇಟ್ಟುಕೊಂಡರು, ತಮ್ಮದೇ ಸ್ಟೀಲ್ ಲೋಟದಲ್ಲಿ. ಆ ಲೋಟ ಮನೆಯಿಂದ ತಂದದ್ದು.

ಕೊನೆಯ ಫೈಲಿನಲ್ಲಿ ಪೌಲ ರೋಮ್ ತಲುಪಿ, ಕಾವಲಿನಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದಾನೆ. ಅಲ್ಲಿಯ ಯೆಹೂದ್ಯರ ಹಿರಿಯರು ಬರುತ್ತಾರೆ, ಬೆಳಗ್ಗಿನಿಂದ ಸಂಜೆಯವರೆಗೆ ಕೇಳುತ್ತಾರೆ, ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ, ತಮ್ಮತಮ್ಮಲ್ಲೇ ವಾದ ಮಾಡುತ್ತ ಎದ್ದು ಹೋಗುತ್ತಾರೆ. ಪೌಲ ಎರಡು ವರ್ಷ ಆ ಮನೆಯಲ್ಲಿ ಬಂದವರನ್ನೆಲ್ಲ ಬರಮಾಡಿಕೊಳ್ಳುತ್ತ ಇದ್ದ. ಮುಗಿಯಿತು. ಅವನು ಸತ್ತನಾ, ಬಿಡುಗಡೆಯಾದನಾ, ಪುಸ್ತಕ ಹೇಳುವುದಿಲ್ಲ.

‘ಮುಂದೆ?’ ಅಂದರು ಅಜ್ಜಿ.

‘ಅಷ್ಟೇ.’

‘ಇದೇನು ಕತೆ, ತಲೆ ಇದೆ ಬಾಲ ಇಲ್ಲ.’

ಅಕ್ಕನ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. ಅವರ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿ ರೂಮು ಹುಡುಕುತ್ತಿದ್ದ. ಮೂರು ಕಡೆ ಅಡ್ವಾನ್ಸ್ ಮಾತಾಡಿ ಆದ ಮೇಲೆ ‘ನೀವು ಯಾವ ಪೈಕಿ’ ಅಂತ ಕೇಳಿ, ಆಮೇಲೆ ಫೋನ್ ಎತ್ತಿರಲಿಲ್ಲ.

‘ಬಾಡ್ಗೆ ಮನೇಲಿ ಬಂದೋರ್ನೆಲ್ಲ ಒಳೀಕ್ ಕರ್ಕೊತಿದ್ನಾ ಅವ್ನು?’ ಅಂದರು ಅಕ್ಕ. ‘ಎರಡ್ ವರ್ಸಾ? ಓನರ್ ಏನೂ ಅನ್ನಲಿಲ್ವಾ?’

ನಾನು ಏನು ಹೇಳುವುದು ಅಂತ ನೋಡುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು:

‘ಓನರ್ ಅಯ್ಯಂಗಾರ್ ಇರಲಿಕ್ಕಿಲ್ಲ ಕಣೇ.’

ಮೊದಲು ನಕ್ಕದ್ದು ಅಕ್ಕ. ನಾನು 28ನೇ ಫೈಲಿಗೆ ಟಿಕ್ ಹಾಕಿ ಅಪ್‌ಲೋಡ್ ಕೊಟ್ಟೆ. ನೆಟ್‌ವರ್ಕ್ ಇರಲಿಲ್ಲ, ಅದು ಹೋಗುವ ಹೊತ್ತಿಗೆ ಅಕ್ಕ ಡಬ್ಬಿ ತೊಳೆದುಕೊಂಡು ಮನೆಗೆ ಹೋಗಿಯಾಗಿತ್ತು.